ಆಫೀಸಿಗೆ ಲ್ಯಾನ್ ಹಾಕಿಸುವಾಗ ಯಾವುದನ್ನು ಆರಿಸಬೇಕು? ಕೇಬಲ್‌ನಿಂದ ಅರ್ಥಿಂಗ್‌ವರೆಗೆ ಒಂದು ಹೋಲಿಕೆ

ಹತ್ತರಿಂದ ಐವತ್ತು ಜನ ಕೆಲಸ ಮಾಡುವ ಆಫೀಸಿಗೆ ಲ್ಯಾನ್, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಜಾಲ, ಹಾಕಿಸುವಾಗ ದುಡ್ಡನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು? ಆಡಿಟರ್ ಆಫೀಸು, ಸಹಕಾರ ಸಂಘ, ನರ್ಸಿಂಗ್ ಹೋಮ್, ಶಾಲೆ, ಸಣ್ಣ ಸಾಫ್ಟ್‌ವೇರ್ ಕಂಪನಿ, ಯಾರ ಕೊಟೇಶನ್ ತೆಗೆದು ನೋಡಿದರೂ ಮೊದಲು ಕಾಣುವುದು ಸ್ವಿಚ್ಚಿನ (ಎಲ್ಲ ಲ್ಯಾನ್ ಕೇಬಲ್ ಬಂದು ಸೇರುವ ಪೆಟ್ಟಿಗೆ) ಬ್ರ್ಯಾಂಡ್. ಕೇಬಲ್ ಬಗ್ಗೆ "ಕ್ಯಾಟ್ 6, ಬೇಕಾದಷ್ಟು" ಅಂತ ಒಂದು ಸಾಲು ಇರುತ್ತದೆ. ಅರ್ಥಿಂಗ್ ಬಗ್ಗೆ ಬಹಳ ಸಲ ಒಂದು ಮಾತೂ ಇರುವುದಿಲ್ಲ.

ನಾನು ಇದನ್ನು ತಲೆಕೆಳಗಾಗಿ ನೋಡುತ್ತೇನೆ. ಸ್ವಿಚ್ಚನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ನಾಲ್ಕು ಸ್ಕ್ರೂ ಬಿಚ್ಚಿದರೆ ಆಯಿತು. ಗೋಡೆಯೊಳಗಿನ ಕೇಬಲ್ ಬದಲಾಯಿಸಬೇಕು ಅಂದರೆ ಗೋಡೆ ಒಡೆಯಬೇಕು, ಸೀಲಿಂಗ್ ಬಿಚ್ಚಬೇಕು, ಕೆಲಸ ನಿಲ್ಲಿಸಬೇಕು. ಹಾಗಾಗಿ ಪ್ರತಿಯೊಂದು ಆಯ್ಕೆಯ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದನ್ನು ಮುಂದೆ ಸುಲಭವಾಗಿ ಬದಲಾಯಿಸಲು ಆಗುತ್ತದಾ? ಆಗುವುದಾದರೆ ಈಗ ಮಧ್ಯಮ ದರ್ಜೆಯದು ಸಾಕು. ಆಗುವುದಿಲ್ಲ ಅಂದರೆ ಒಳ್ಳೆಯದನ್ನೇ ಹಾಕಿಸಿ. ಇನ್ನು ಜೀವಕ್ಕೆ ಸಂಬಂಧಿಸಿದ ಕಡೆ, ಅಂದರೆ ಕರೆಂಟು, ಅರ್ಥಿಂಗ್, ಸಿಡಿಲು ಇರುವ ಕಡೆ ಚೌಕಾಸಿಯೇ ಬೇಡ.

ಕ್ಯಾಟ್ 5ಇ, ಕ್ಯಾಟ್ 6, ಕ್ಯಾಟ್ 6ಎ

ಕ್ಯಾಟ್ ಅಂದರೆ ಕ್ಯಾಟಗರಿ, ಕೇಬಲ್‌ನ ದರ್ಜೆ. ಮೂರೂ ತಾಮ್ರದ ನಾಲ್ಕು ಜೋಡಿ ತಂತಿಗಳೇ. ಕ್ಯಾಟ್ 5ಇ 100 ಮೆಗಾಹರ್ಟ್ಸ್‌ವರೆಗೆ, ಕ್ಯಾಟ್ 6 250ರವರೆಗೆ, ಕ್ಯಾಟ್ 6ಎ 500ರವರೆಗೆ ಪರೀಕ್ಷೆಯಾಗಿರುತ್ತವೆ. 1 ಗಿಗಾಬಿಟ್ ವೇಗಕ್ಕೆ ಮೂರೂ 100 ಮೀಟರ್ ದೂರ ಓಡುತ್ತವೆ. ವ್ಯತ್ಯಾಸ ಗೊತ್ತಾಗುವುದು 10 ಗಿಗಾಬಿಟ್‌ನಲ್ಲಿ. ಕ್ಯಾಟ್ 6ನಲ್ಲಿ ಅದು ಹೆಚ್ಚೆಂದರೆ 55 ಮೀಟರ್ ಹೋಗುತ್ತದೆ. ತುಂಬಾ ಕೇಬಲ್‌ಗಳನ್ನು ಒತ್ತೊತ್ತಾಗಿ ಕಟ್ಟಿದ್ದರೆ 37 ಮೀಟರಿಗೇ ಸುಸ್ತು. ಕ್ಯಾಟ್ 6ಎ ಪೂರ್ತಿ 100 ಮೀಟರ್ ಎಳೆಯುತ್ತದೆ.

ಈ 100 ಮೀಟರ್ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಗೋಡೆಯೊಳಗಿನ ಭಾಗ 90 ಮೀಟರ್ ದಾಟಬಾರದು. ಉಳಿದ 10 ಮೀಟರ್ ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳಿಗೆ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ತುಂಡು ಕೇಬಲ್‌ಗಳಿಗೆ. ಉದ್ದನೆಯ ಶಾಲಾ ಕಟ್ಟಡದಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯುವಾಗ ನೆಲದ ಅಳತೆ ಮಾತ್ರ ನೋಡಬೇಡಿ. ಕೇಬಲ್ ಸೀಲಿಂಗಿಗೆ ಹತ್ತಿ ಇಳಿಯುವುದನ್ನೂ ಸೇರಿಸಿಕೊಳ್ಳಿ.

ಹಾಗಾದರೆ ಯಾವುದು ಹಾಕಿಸಬೇಕು? ಈಗಾಗಲೇ ಒಳ್ಳೆಯ ಕ್ಯಾಟ್ 5ಇ ಕೇಬಲ್ ಗೋಡೆಯಲ್ಲಿದ್ದರೆ ಅದನ್ನು ಕೀಳಬೇಡಿ. 2016ರಲ್ಲಿ ಬಂದ 802.3ಬಿಝಡ್ ಮಾನದಂಡದ ಪ್ರಕಾರ ಅದೇ ಕೇಬಲ್‌ನಲ್ಲಿ 100 ಮೀಟರ್‌ವರೆಗೆ 2.5 ಗಿಗಾಬಿಟ್ ಓಡುತ್ತದೆ. ಮಾಮೂಲಿ ಆಫೀಸಿಗೆ ಅದು ಧಾರಾಳವಾಯಿತು. ಹೊಸದಾಗಿ ಎಳೆಯುವುದಾದರೆ ಟೇಬಲ್‌ಗಳಿಗೆ ಕ್ಯಾಟ್ 6 ಸಾಕು. ವೈಫೈ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ) ಕೂರುವ ಜಾಗಗಳಿಗೆ ಮತ್ತು ಸರ್ವರ್ ಇರುವ ಜಾಗಕ್ಕೆ ಕ್ಯಾಟ್ 6ಎ ಎಳೆಸಿ. ಮುಂದೆ ವೇಗ ಜಾಸ್ತಿ ಬೇಕಾಗುವುದು ಅಲ್ಲೇ. ಕ್ಯಾಟ್ 6ಎ ದಪ್ಪ ಜಾಸ್ತಿ, ಬಾಗುವುದು ಕಡಿಮೆ, ಪೈಪೂ ದೊಡ್ಡದು ಬೇಕು. ಆದ್ದರಿಂದ ಇಡೀ ಆಫೀಸಿಗೆ ಅದನ್ನೇ ಹಾಕಿಸುವ ಹಟ ಬೇಡ. ಕ್ಯಾಟ್ 8 ಅಂತ ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಸಿ. ಅದು ಡೇಟಾ ಸೆಂಟರಿನೊಳಗೆ 30 ಮೀಟರ್ ದೂರಕ್ಕೆ ಅಂತ ಮಾಡಿದ ಕೇಬಲ್.

ಪ್ರತಿ ಟೇಬಲ್ಲಿಗೆ ಎರಡು ಕೇಬಲ್ ಎಳೆಸಿ. ಇಲ್ಲಿ ದುಬಾರಿ ಆಗುವುದು ಕೂಲಿ, ಕೇಬಲ್ ಅಲ್ಲ. ಇವತ್ತು ಒಂದು ಖಾಲಿ ಇರಲಿ, ನಾಳೆ ಫೋನಿಗೋ ಪ್ರಿಂಟರಿಗೋ ಬೇಕೇ ಬೇಕಾಗುತ್ತದೆ.

ತಾಮ್ರವೋ, ತಾಮ್ರ ಬಳಿದ ಅಲ್ಯೂಮಿನಿಯಮ್ಮೋ

ಯಾವ ಕ್ಯಾಟ್ ಅನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು. ಮಾರುಕಟ್ಟೆಯಲ್ಲಿ ಸಿಸಿಎ ಅಂತ ಕರೆಯುವ ಕೇಬಲ್ ಧಾರಾಳವಾಗಿ ಸಿಗುತ್ತದೆ. ಒಳಗೆ ಅಲ್ಯೂಮಿನಿಯಂ, ಮೇಲೆ ತೆಳುವಾದ ತಾಮ್ರದ ಪದರ. ಪೆಟ್ಟಿಗೆಯ ಮೇಲೆ ಕ್ಯಾಟ್ 6 ಅಂತ ಬರೆದಿದ್ದರೂ ಅದು ಆ ಮಾನದಂಡಕ್ಕೆ ಒಪ್ಪುವುದಿಲ್ಲ. ಮಾನದಂಡ ಕೇಳುವುದು ಪೂರ್ತಿ ತಾಮ್ರವನ್ನು.

ಬರೀ ಕಂಪ್ಯೂಟರ್ ಸಿಕ್ಕಿಸಿದರೆ ಸಿಸಿಎ ಕೇಬಲ್ ಕೆಲಸ ಮಾಡಿದ ಹಾಗೇ ಕಾಣುತ್ತದೆ. ತೊಂದರೆ ಶುರುವಾಗುವುದು ಅದೇ ಕೇಬಲ್‌ನಲ್ಲಿ ಕರೆಂಟೂ ಹೋಗುವಾಗ, ಅಂದರೆ ಪಿಒಇ (ಪವರ್ ಓವರ್ ಇಥರ್ನೆಟ್) ಕ್ಯಾಮೆರಾ, ಫೋನು, ಆಕ್ಸೆಸ್ ಪಾಯಿಂಟ್ ಹಾಕಿದಾಗ. ಅಲ್ಯೂಮಿನಿಯಂ ಕರೆಂಟಿಗೆ ಒಡ್ಡುವ ತಡೆ ತಾಮ್ರದ ಒಂದೂವರೆ ಪಟ್ಟಿಗಿಂತ ಮೇಲೆ. ತಡೆ ಜಾಸ್ತಿ ಆದಷ್ಟೂ ಕೇಬಲ್ ಬಿಸಿಯಾಗುತ್ತದೆ, ದೂರದ ತುದಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಇಪ್ಪತ್ತು ಮೂವತ್ತು ಕೇಬಲ್ ಒಟ್ಟಿಗೆ ಕಟ್ಟಿ ಫಾಲ್ಸ್ ಸೀಲಿಂಗ್ ಮೇಲೆ ಬಿಟ್ಟರೆ ಮಧ್ಯದ ಕೇಬಲ್‌ಗೆ ಗಾಳಿಯೇ ಇಲ್ಲ. ಸಾಲದ್ದಕ್ಕೆ ಅಲ್ಯೂಮಿನಿಯಂ ಬಾಗಿಸಿದರೆ ಬೇಗ ಮುರಿಯುತ್ತದೆ, ಪಂಚ್ ಮಾಡಿದ (ತಂತಿಯನ್ನು ಜ್ಯಾಕಿನ ಸಂದಿಗೆ ಒತ್ತಿ ಕೂರಿಸಿದ) ಜಾಗದಲ್ಲಿ ಕಾಲ ಕಳೆದಂತೆ ಸಡಿಲವಾಗುತ್ತದೆ. "ಒಂದೊಂದು ಸಲ ಕ್ಯಾಮೆರಾ ಹೋಗುತ್ತೆ, ಆಮೇಲೆ ತಾನಾಗೇ ಬರುತ್ತೆ" ಅನ್ನುವ ದೂರು ಕೇಳಿದರೆ ಮೊದಲು ಕೇಬಲ್ ಮೇಲೇ ಅನುಮಾನ ಪಡಿ.

ಕಂಡುಹಿಡಿಯುವುದು ಕಷ್ಟವಲ್ಲ. ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ಅದು ತಾಮ್ರವಲ್ಲ. 305 ಮೀಟರ್ ಪೆಟ್ಟಿಗೆ ಎತ್ತಿದಾಗಲೇ ಹಗುರ ಅನ್ನಿಸುತ್ತದೆ. ಇನ್ನೂ ಖಚಿತ ಬೇಕಾದರೆ ಮಲ್ಟಿಮೀಟರ್ ತನ್ನಿ. 50 ಮೀಟರ್ ಕೇಬಲ್‌ನ ಒಂದು ತುದಿಯಲ್ಲಿ ಒಂದು ಜೋಡಿಯ ಎರಡೂ ತಂತಿ ಸೇರಿಸಿ ತಿರುಚಿ. ಇನ್ನೊಂದು ತುದಿಯಲ್ಲಿ ಆ ಎರಡರ ನಡುವಿನ ತಡೆ ಅಳೆಯಿರಿ. ಹೋಗಿ ಬರುವ ದಾರಿ 100 ಮೀಟರ್ ಆಯಿತು, ಅಲ್ವಾ? ಮಾನದಂಡದ ಮಿತಿ 100 ಮೀಟರಿಗೆ 9.38 ಓಮ್. ಒಳ್ಳೆಯ ತಾಮ್ರದ ಕ್ಯಾಟ್ 6 ಇದಕ್ಕಿಂತ ಸಾಕಷ್ಟು ಕಡಿಮೆಯೇ ತೋರಿಸುತ್ತದೆ. ಮೀಟರಿನ ತಂತಿಗಳನ್ನೇ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ. ಕಳೆದ ಮೇಲೂ 10 ದಾಟಿದರೆ ಆ ಪೆಟ್ಟಿಗೆ ವಾಪಸ್ ಕಳಿಸಿ.

ಈ ಪರೀಕ್ಷೆಯನ್ನು ಕೇಬಲ್ ಎಳೆಯುವ ಮೊದಲೇ ಮಾಡಿ. ಎಳೆದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಶೀಲ್ಡ್ ಇರುವ ಕೇಬಲ್ ಬೇಕಾ?

ಶೀಲ್ಡ್ ಅಂದರೆ ಹೊರಗಿನ ವಿದ್ಯುತ್ ಗದ್ದಲ ತಡೆಯಲು ತಂತಿಗಳ ಸುತ್ತ ಸುತ್ತಿದ ಲೋಹದ ಹಾಳೆ. ಸಾಮಾನ್ಯ ಆಫೀಸಿಗೆ ಬೇಡ. ಶೀಲ್ಡ್ ಕೆಲಸಕ್ಕೆ ಬರಬೇಕಾದರೆ ಜ್ಯಾಕ್, ಪ್ಯಾಚ್ ಪ್ಯಾನಲ್ (ಗೋಡೆಯಿಂದ ಬಂದ ಕೇಬಲ್‌ಗಳು ಸಾಲಾಗಿ ಮುಗಿಯುವ ಫಲಕ), ಪ್ಯಾಚ್ ಕಾರ್ಡ್ ಎಲ್ಲವೂ ಶೀಲ್ಡ್ ಇರುವುದೇ ಆಗಬೇಕು, ಪ್ಯಾನಲ್ ಅರ್ಥ್ ಆಗಿರಬೇಕು. ಅರ್ಧಂಬರ್ಧ ಮಾಡಿದರೆ ಆ ಲೋಹದ ಹಾಳೆ ಗದ್ದಲವನ್ನು ತಡೆಯುವ ಬದಲು ತಾನೇ ಹಿಡಿದುಕೊಳ್ಳುತ್ತದೆ. ಪಕ್ಕದಲ್ಲಿ ಲಿಫ್ಟ್ ಮೋಟಾರು, ವೆಲ್ಡಿಂಗ್ ಯಂತ್ರ, ಎಕ್ಸ್-ರೇ ಯಂತ್ರ ಇದ್ದರೆ ಮಾತ್ರ ಯೋಚಿಸಿ. ಅಲ್ಲೂ ಎಷ್ಟೋ ಸಲ ಫೈಬರ್ ಹಾಕುವುದು ಸುಲಭದ ದಾರಿ.

ಶೀಲ್ಡ್‌ಗಿಂತ ಮುಖ್ಯ, ಕರೆಂಟಿನ ವೈರಿನಿಂದ ದೂರ ಇಡುವುದು. ಎರಡೂ ಒಂದೇ ಪೈಪಿನಲ್ಲಿ ಯಾವತ್ತೂ ಹೋಗಬಾರದು. ಸಿಗ್ನಲ್ ಕೆಡುತ್ತದೆ ಅನ್ನುವುದು ಆಮೇಲಿನ ಮಾತು. 230 ವೋಲ್ಟಿನ ವೈರಿನ ಸಿಪ್ಪೆ ಉಜ್ಜಿ ಹೋದರೆ ಆ ಕರೆಂಟು ಲ್ಯಾನ್ ಕೇಬಲ್ ಹಿಡಿದುಕೊಂಡು ಟೇಬಲ್ ಮೇಲೆ ಬಂದು ಕೂರುತ್ತದೆ. ಸಮಾನಾಂತರವಾಗಿ ಹೋಗುವಾಗ ಒಂದು ಅಡಿ ಅಂತರ ಇರಲಿ. ದಾಟಲೇಬೇಕಾದ ಕಡೆ ನೇರವಾಗಿ ಅಡ್ಡ ದಾಟಿಸಿ. ಟ್ಯೂಬ್‌ಲೈಟ್ ಚೋಕ್ ಪಕ್ಕ, ಎಸಿಯ ಮೇಲೆ ಕೇಬಲ್ ಬಿಡಬೇಡಿ.

ಕ್ರಿಂಪ್ ಮಾಡಿ ನೇರ ಸ್ವಿಚ್ಚಿಗೋ, ಪ್ಯಾಚ್ ಪ್ಯಾನಲ್ ಮೂಲಕವೋ

ನಮ್ಮಲ್ಲಿ ಖರ್ಚು ಉಳಿಸಲು ಗೋಡೆಯಿಂದ ಬಂದ ಕೇಬಲ್‌ಗೇ ಆರ್‌ಜೆ-45 ಪ್ಲಗ್ ಕ್ರಿಂಪ್ ಮಾಡಿ (ತುದಿಗೆ ಒತ್ತಿ ಕೂರಿಸಿ) ಸ್ವಿಚ್ಚಿಗೆ ಚುಚ್ಚಿಬಿಡುತ್ತಾರೆ. ಎಂಟು ಕಂಪ್ಯೂಟರ್ ಇರುವ ಕಡೆ ಇದು ನಡೆದುಕೊಂಡು ಹೋಗುತ್ತದೆ. ಅದಕ್ಕಿಂತ ದೊಡ್ಡ ಆಫೀಸಿಗೆ ಪ್ಯಾಚ್ ಪ್ಯಾನಲ್ ಮತ್ತು ಗೋಡೆಯಲ್ಲಿ ಐಒ ಬಾಕ್ಸ್ (ಲ್ಯಾನ್ ಸಾಕೆಟ್) ಹಾಕಿಸಿ. ಗೋಡೆಯೊಳಗಿನ ಕೇಬಲ್‌ನಲ್ಲಿ ಒಂದೊಂದು ತಂತಿಯೂ ಒಂಟಿ ಗಟ್ಟಿ ಎಳೆ. ಪದೇ ಪದೇ ಅಲುಗಾಡಿಸಿದರೆ ಮುರಿಯುತ್ತದೆ. ಪ್ಯಾಚ್ ಕಾರ್ಡ್‌ನಲ್ಲಿ ಸಣ್ಣ ಸಣ್ಣ ಎಳೆಗಳು ಸೇರಿರುತ್ತವೆ, ಅದು ಅಲುಗಾಟ ತಡೆಯುತ್ತದೆ. ಕಸ ಗುಡಿಸುವಾಗ, ಕುರ್ಚಿ ಎಳೆಯುವಾಗ ಪೆಟ್ಟು ಬೀಳುವುದು ಪ್ಯಾಚ್ ಕಾರ್ಡ್‌ಗೆ ಆಗಲಿ. ಅದು ಹೋದರೆ ಹೊಸದು ಹಾಕಿದರಾಯಿತು.

ಪಂಚ್ ಮಾಡುವಾಗ ಜೋಡಿಯ ತಿರುಚನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಬಾಗಿಸುವ ಸುತ್ತಳತೆಯ ಅರ್ಧವ್ಯಾಸ ಕೇಬಲ್ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು. ಎಳೆಯುವ ಬಲ ಸುಮಾರು 11 ಕಿಲೋ ತೂಕದಷ್ಟು, ಅದಕ್ಕಿಂತ ಜಾಸ್ತಿ ಜಗ್ಗಿದರೆ ಒಳಗಿನ ತಿರುಚು ಹಾಳಾಗುತ್ತದೆ. ಪ್ಲಾಸ್ಟಿಕ್ ಟೈ ಬಿಗಿಯುವ ಬದಲು ವೆಲ್ಕ್ರೋ ಪಟ್ಟಿ ಸುತ್ತಿ.

ಬಣ್ಣದ ಸಾಲಿಗೆ ಎ, ಬಿ ಅಂತ ಎರಡು ಪದ್ಧತಿ ಇವೆ. ವೇಗದಲ್ಲಿ ಒಂದಿಷ್ಟೂ ವ್ಯತ್ಯಾಸ ಇಲ್ಲ. ಇಡೀ ಕಟ್ಟಡದಲ್ಲಿ ಒಂದನ್ನೇ ಪಾಲಿಸಿ, ಅಷ್ಟೇ. ಬಿ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ಹಸಿರಿನ ನಡುವೆ ಕೂರುವುದನ್ನು ಗಮನಿಸಿ. "ಎರಡೂ ಕಡೆ ಒಂದೇ ಥರ ಇದ್ದರೆ ಸಾಕು" ಅಂತ ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಕೂರಿಸುವವರಿದ್ದಾರೆ. ಆಗ 3 ಮತ್ತು 6ನೇ ಪಿನ್ನಿನ ಸಿಗ್ನಲ್ ಎರಡು ಬೇರೆ ಬೇರೆ ಜೋಡಿಯಲ್ಲಿ ಹೋಗುತ್ತದೆ. ತಿರುಚಿದ್ದರ ಪ್ರಯೋಜನವೇ ಹೋಯಿತು.

ಯಾವ ಟೆಸ್ಟರ್ ನಂಬಬೇಕು

ಈ ತಪ್ಪನ್ನು ಎಂಟು ದೀಪ ಮಿನುಗುವ ಅಗ್ಗದ ಟೆಸ್ಟರ್ ಹಿಡಿಯುವುದಿಲ್ಲ. ಅದಕ್ಕೆ ಗೊತ್ತಾಗುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಅನ್ನುವುದು ಮಾತ್ರ. ಸರ್ಟಿಫಿಕೇಶನ್ ಟೆಸ್ಟರ್ ಪ್ರತಿ ಲೈನಿನ ಉದ್ದ, ನಷ್ಟ, ಜೋಡಿಗಳ ನಡುವಿನ ಸೋರಿಕೆ ಎಲ್ಲ ಅಳೆದು ಪಾಸ್ ಅಥವಾ ಫೇಲ್ ಅಂತ ವರದಿ ಕೊಡುತ್ತದೆ. ಅದರ ಬೆಲೆ ಲಕ್ಷಗಳಲ್ಲಿ. ನೀವು ಕೊಳ್ಳಬೇಕಿಲ್ಲ. ಗುತ್ತಿಗೆದಾರರಿಗೆ ವರ್ಕ್ ಆರ್ಡರ್ ಕೊಡುವಾಗಲೇ "ಪ್ರತಿ ಲೈನಿನ ಟೆಸ್ಟ್ ವರದಿ ಕೊಟ್ಟ ಮೇಲೆ ಕೊನೆಯ ಕಂತು" ಅಂತ ಬರೆಯಿರಿ. ಈ ಒಂದು ಸಾಲು ಇದ್ದರೆ ಕೆಲಸದ ಗುಣಮಟ್ಟ ಮೊದಲ ದಿನದಿಂದಲೇ ಬದಲಾಗುತ್ತದೆ.

ಅದೂ ಆಗದ ಸಣ್ಣ ಆಫೀಸಿಗೆ ನಡುವಿನ ದಾರಿ ಇದೆ. ಎರಡು ಲ್ಯಾಪ್‌ಟಾಪ್ ಎರಡು ತುದಿಗೆ ಸಿಕ್ಕಿಸಿ ದೊಡ್ಡ ಫೈಲ್ ಕಳಿಸಿ ನೋಡಿ. ಲಿಂಕ್ 1 ಗಿಗಾಬಿಟ್ ತೋರಿಸಬೇಕು. 100 ಮೆಗಾಬಿಟ್‌ಗೆ ಇಳಿದಿದ್ದರೆ ಯಾವುದೋ ಜೋಡಿ ಸರಿಯಿಲ್ಲ. ಮ್ಯಾನೇಜ್ಡ್ ಸ್ವಿಚ್ (ಕಂಪ್ಯೂಟರಿನಿಂದ ಸೆಟ್ಟಿಂಗ್ ತೆರೆದು ನೋಡಬಹುದಾದದ್ದು) ಇದ್ದರೆ ಪೋರ್ಟಿನ ಸಿಆರ್‌ಸಿ ಎಣಿಕೆ, ಅಂದರೆ ಕೆಟ್ಟು ಬಂದ ಸಂದೇಶಗಳ ಲೆಕ್ಕ, ನೋಡಿ. ಅದು ಏರುತ್ತಲೇ ಇದ್ದರೆ ಆ ಲೈನನ್ನು ಮತ್ತೆ ಪಂಚ್ ಮಾಡಿಸಿ.

ಎರಡು ಕಟ್ಟಡಗಳ ನಡುವೆ ತಾಮ್ರ ಬೇಡ

ಮುಂದಿನ ಆಫೀಸಿನಿಂದ ಹಿಂದಿನ ಗೋಡೌನಿಗೆ, ಶಾಲೆಯಿಂದ ಹಾಸ್ಟೆಲಿಗೆ ಲ್ಯಾನ್ ಕೇಬಲ್ ಗಾಳಿಯಲ್ಲಿ ತೂಗಿಬಿಡುವುದು ಊರೂರಿನಲ್ಲೂ ಕಾಣುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಕರ್ನಾಟಕದಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಮೇಲೆ ಬರುವ ಗುಡುಗು ಮಳೆ ಎಲ್ಲರಿಗೂ ಗೊತ್ತು. ಸಿಡಿಲು ನೇರವಾಗಿ ಹೊಡೆಯಬೇಕಿಲ್ಲ. ಹತ್ತಿರ ಬಿದ್ದರೂ ಉದ್ದನೆಯ ತಾಮ್ರದಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಲ್ಯಾನ್ ಪೋರ್ಟಿನೊಳಗಿನ ಸಣ್ಣ ಟ್ರಾನ್ಸ್‌ಫಾರ್ಮರು ತಡೆಯಬೇಕಾದ ಮಿತಿ 1500 ವೋಲ್ಟ್. ಅದನ್ನು ದಾಟಿದ್ದು ಸ್ವಿಚ್ಚಿನೊಳಗೆ, ಸ್ವಿಚ್ಚಿನಿಂದ ಉಳಿದ ಯಂತ್ರಗಳಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಕೇಬಲ್ ಮುಟ್ಟಿದವರ ಜೀವಕ್ಕೂ ಅಪಾಯ. ಸಿಡಿಲು ಇಲ್ಲದ ದಿನವೂ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ವೋಲ್ಟೇಜ್ ವ್ಯತ್ಯಾಸ ಇರಬಹುದು.

ಇಲ್ಲಿ ಮೂರು ದಾರಿ ಇವೆ: ಫೈಬರ್, ವೈರ್‌ಲೆಸ್ ಬ್ರಿಡ್ಜ್ (ಎರಡು ಕಡೆಯ ಆಂಟೆನಾಗಳ ನಡುವಿನ ಲಿಂಕ್), ಸರ್ಜ್ ಪ್ರೊಟೆಕ್ಟರ್ (ಹೆಚ್ಚಾದ ವೋಲ್ಟೇಜನ್ನು ಅರ್ಥಿಗೆ ಹರಿಸುವ ಸಾಧನ) ಹಾಕಿದ ತಾಮ್ರ. ಮೂರನೆಯದನ್ನು ನಾನು ಶಿಫಾರಸು ಮಾಡುವುದಿಲ್ಲ. ಪ್ರೊಟೆಕ್ಟರ್ ಕೆಲಸ ಮಾಡಬೇಕಾದರೆ ಎರಡೂ ಕಡೆ ಒಳ್ಳೆಯ ಅರ್ಥಿಂಗ್ ಇರಬೇಕು, ಅದು ಇರುವ ಕಟ್ಟಡಗಳು ಕಡಿಮೆ. ವೈರ್‌ಲೆಸ್ ಬ್ರಿಡ್ಜ್ ನಡುವೆ ರಸ್ತೆ ಇದ್ದಾಗ, ನೆಲ ಅಗೆಯಲು ಆಗದಾಗ ಸರಿ. ಆದರೆ ಅದೂ ತಾರಸಿಯ ಕಂಬದ ಮೇಲೆ ಕೂರುವ ಯಂತ್ರ, ಅಲ್ಲಿಂದ ಒಳಗೆ ಬರುವ ಕೇಬಲ್ ತಾಮ್ರದ್ದೇ. ಅಲ್ಲಿಗಂತೂ ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು.

ಫೈಬರ್ ಗಾಜು. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಅದರಲ್ಲಿ ಎರಡು ಬಗೆ. ಸಿಂಗಲ್ ಮೋಡ್ ಫೈಬರ್ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಮಲ್ಟಿಮೋಡ್‌ನ ಓಎಂ3 ದರ್ಜೆ ಆದರೆ 10 ಗಿಗಾಬಿಟ್‌ನಲ್ಲಿ 300 ಮೀಟರ್. ಹೊಸದಾಗಿ ಹಾಕುವವರಿಗೆ ಸಿಂಗಲ್ ಮೋಡ್ ಒಳ್ಳೆಯದು. ಮುಂದೆ ವೇಗ ಎಷ್ಟೇ ಜಾಸ್ತಿ ಬೇಕಾದರೂ ತುದಿಯ ಎಸ್‌ಎಫ್‌ಪಿ (ಫೈಬರನ್ನು ಸ್ವಿಚ್ಚಿಗೆ ಸೇರಿಸುವ ಸಣ್ಣ ಮಾಡ್ಯೂಲ್) ಬದಲಾಯಿಸಿದರೆ ಸಾಕು.

ಇನ್ನೊಂದು ಆಯ್ಕೆ ಇಲ್ಲೇ ಎದುರಾಗುತ್ತದೆ. ಇಲಿ ಕಚ್ಚದಿರಲಿ ಅಂತ ಅಂಗಡಿಯವರು ಉಕ್ಕಿನ ಹೊದಿಕೆಯ ಆರ್ಮರ್ಡ್ ಫೈಬರ್ ಕೊಡುತ್ತಾರೆ. ಇಲಿಗೆ ಅದು ಸರಿ, ಸಿಡಿಲಿಗೆ ತಪ್ಪು. ಆ ಉಕ್ಕೇ ಮತ್ತೆ ಕರೆಂಟಿಗೆ ದಾರಿಯಾಗುತ್ತದೆ. ಆರ್ಮರ್ಡ್ ಹಾಕಿದರೆ ಕಟ್ಟಡದೊಳಗೆ ಬರುವ ಜಾಗದಲ್ಲೇ ಉಕ್ಕನ್ನು ಅರ್ಥ್ ಮಾಡಿಸಬೇಕು. ನನಗೆ ಇಷ್ಟವಾಗುವುದು ಲೋಹವೇ ಇಲ್ಲದ ಫೈಬರನ್ನು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನೊಳಗೆ ನೆಲದಡಿ ಎಳೆಯುವುದು. ಇಲಿಗೂ ಸುಲಭವಾಗಿ ಸಿಗುವುದಿಲ್ಲ, ಸಿಡಿಲಿಗೂ ದಾರಿ ಇಲ್ಲ.

ಫೈಬರ್ ಕೆಲಸ ಮಾಡುವಾಗ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಕತ್ತರಿಸಿದ ಗಾಜಿನ ಚೂರುಗಳನ್ನು ನೆಲದ ಮೇಲೆ ಬಿಡದೆ ಮುಚ್ಚಳದ ಡಬ್ಬಿಗೆ ಹಾಕಿ. ತಾರಸಿಯ ಕೆಲಸಕ್ಕೆ ಹತ್ತುವ ಮೊದಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆಪ್ ಅಥವಾ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆಪ್ ನೋಡಿಕೊಳ್ಳಿ. ಗುಡುಗು ಕೇಳಿಸಿದರೆ ಕೆಲಸ ಬಿಟ್ಟು ಇಳಿಯಿರಿ.

ಕರೆಂಟು ಮತ್ತು ಅರ್ಥಿಂಗ್

ಲ್ಯಾನ್ ಕೇಬಲ್ ಎಳೆಯುವುದು, ಪಂಚ್ ಮಾಡುವುದು ನೀವೇ ಕಲಿತು ಮಾಡಬಹುದು. ಸ್ವಿಚ್ಚು, ಪ್ಯಾನಲ್ ಕೂರಿಸುವ ಕಬ್ಬಿಣದ ಕಪಾಟು, ಅಂದರೆ ರ‍್ಯಾಕಿಗೆ ಹೊಸ ಕರೆಂಟ್ ಲೈನ್, ಎಂಸಿಬಿ, ಅರ್ಥಿಂಗ್ ಹಾಗಲ್ಲ. ಅದು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಕೆಲಸ. ನಮ್ಮ ರಾಜ್ಯದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅರ್ಥಿಂಗ್ ಹೇಗಿರಬೇಕು ಅನ್ನುವುದಕ್ಕೆ ಐಎಸ್ 3043 ಅನ್ನುವ ಭಾರತೀಯ ಮಾನದಂಡ ಇದೆ. ಗುತ್ತಿಗೆದಾರರನ್ನು ಈ ಎರಡು ಹೆಸರು ಹೇಳಿಯೇ ಕೇಳಿ.

ಆದರೂ ಮಲ್ಟಿಮೀಟರಿನಿಂದ ನೀವು ಮೊದಲ ಅಂದಾಜು ಮಾಡಬಹುದು. ಮೀಟರನ್ನು ಎಸಿ ವೋಲ್ಟಿಗೆ ಇಡಿ. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ 2-3 ವೋಲ್ಟಿನೊಳಗೆ ಬರಬೇಕು. ಫೇಸ್-ಅರ್ಥ್ ತೀರಾ ಕಡಿಮೆ ಬಂದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ಅರ್ಥ್ ತಂತಿ ಎಲ್ಲೂ ಸೇರಿಲ್ಲ. ಸಾಕೆಟ್ಟಿಗೆ ಮೂರು ತೂತು ಇದೆ ಅಂದ ಮಾತ್ರಕ್ಕೆ ಅರ್ಥ್ ಇದೆ ಅಂತ ಅಲ್ಲ.

ಲೋಡ್ ಇದ್ದರೂ ನ್ಯೂಟ್ರಲ್-ಅರ್ಥ್ ನಡುವೆ ಪೂರ್ತಿ ಸೊನ್ನೆ ಬಂದರೆ ಖುಷಿ ಪಡಬೇಡಿ. ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ "ಅರ್ಥಿಂಗ್ ಕೊಟ್ಟಿದ್ದೀವಿ" ಅನ್ನುವ ಅಭ್ಯಾಸ ಹಳೇ ಕಟ್ಟಡಗಳಲ್ಲಿ ಇದೆ. ಇದು ಕೊಲ್ಲುವ ಕೆಲಸ. ಹಿಂದೆ ಎಲ್ಲೋ ನ್ಯೂಟ್ರಲ್ ಕಿತ್ತುಹೋದರೆ ರ‍್ಯಾಕ್, ಸ್ವಿಚ್, ಕಂಪ್ಯೂಟರಿನ ಕಬ್ಬಿಣದ ಮೈಯೆಲ್ಲ 230 ವೋಲ್ಟ್ ಆಗುತ್ತದೆ. ಅನುಮಾನ ಬಂದರೆ ಸಾಕೆಟ್ ಬಿಚ್ಚಿಸಿ ನೋಡಿಸಿ. ಅರ್ಥ್ ಪಿಟ್ಟಿನ ನಿಜವಾದ ತಡೆ ಅಳೆಯಲು ಅರ್ಥ್ ಟೆಸ್ಟರೇ ಬೇಕು, ಆ ವರದಿಯನ್ನೂ ಕೇಳಿ ಪಡೆಯಿರಿ. ರ‍್ಯಾಕಿನ ಮೈಗೆ ಪ್ರತ್ಯೇಕ ಹಸಿರು-ಹಳದಿ ತಂತಿ ಬರಲಿ. ರ‍್ಯಾಕಿನ ಲೈನಿಗೆ ಪ್ರತ್ಯೇಕ ಎಂಸಿಬಿ, ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸಾಧನ) ಇರಲಿ.

ಗೋಡೆ ಕೊರೆಯುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಇಡಬೇಡಿ. ಕನ್ಸೀಲ್ಡ್ ವೈರಿಂಗ್ ಸಾಮಾನ್ಯವಾಗಿ ಹೋಗುವುದು ಅಲ್ಲೇ. ಸಾಧ್ಯವಿದ್ದರೆ ಆ ಲೈನಿನ ಎಂಸಿಬಿ ಇಳಿಸಿಯೇ ಕೊರೆಯಿರಿ. ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಸೀಲಿಂಗ್ ಮೇಲಿನ ಧೂಳಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಯುಪಿಎಸ್: ಲೈನ್ ಇಂಟರ್‌ಆ್ಯಕ್ಟಿವ್, ಆನ್‌ಲೈನ್, ಮನೆಯ ಇನ್ವರ್ಟರ್

ಸ್ವಿಚ್ಚು, ರೂಟರುಗಳಿಗೆ ಲೈನ್ ಇಂಟರ್‌ಆ್ಯಕ್ಟಿವ್ ಸಾಕು. ಕರೆಂಟು ಹೋದಾಗ ಕೆಲವು ಮಿಲಿಸೆಕೆಂಡ್ ಅಂತರ ಬರುತ್ತದೆ, ಅಷ್ಟನ್ನು ಅವುಗಳ ಪವರ್ ಸಪ್ಲೈ ತಡೆದುಕೊಳ್ಳುತ್ತದೆ. ಸರ್ವರ್ ಇದ್ದರೆ, ಅಥವಾ ದಿನವಿಡೀ ವೋಲ್ಟೇಜ್ ಏರಿಳಿಯುವ ಊರಾದರೆ ಈ ಅಂತರವೇ ಬರದ ಆನ್‌ಲೈನ್ ಯುಪಿಎಸ್ ತೆಗೆದುಕೊಳ್ಳಿ. ಇರುವ ಇನ್ವರ್ಟರಿಗೇ ಸೇರಿಸುವುದಾದರೆ ಅದರ ಹಿಂದಿನ ಗುಂಡಿಯನ್ನು ಯುಪಿಎಸ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಪ್ರತಿ ಸಲವೂ ಸ್ವಿಚ್ ರೀಸ್ಟಾರ್ಟ್ ಆಗಬಹುದು. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಹಾಕಬೇಡಿ. ಬ್ಯಾಟರಿಗೆ ಸೆಕೆ ಆಗದು. ಸುತ್ತಲ ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಪಿಒಇ ಸ್ವಿಚ್ಚೋ, ಒಂದೊಂದಕ್ಕೂ ಅಡಾಪ್ಟರೋ

ಕ್ಯಾಮೆರಾ, ಫೋನು, ಆಕ್ಸೆಸ್ ಪಾಯಿಂಟ್ ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಪಿಒಇ ಸ್ವಿಚ್ಚೇ ಮೇಲು. ಸೀಲಿಂಗ್ ಮೇಲೆ 230 ವೋಲ್ಟಿನ ಎಕ್ಸ್‌ಟೆನ್ಷನ್ ಬೋರ್ಡ್ ಬಿಡುವ ಅಗತ್ಯ ಬರುವುದಿಲ್ಲ. ಬೆಂಕಿಯ ಭಯ ಅಷ್ಟರಮಟ್ಟಿಗೆ ಕಡಿಮೆ. ಎಲ್ಲಕ್ಕೂ ಒಂದೇ ಯುಪಿಎಸ್ ಸಾಕಾಗುತ್ತದೆ. ಅಡಾಪ್ಟರ್ ಬಳಸುವುದೇ ಆದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುವುದನ್ನೇ ಕೊಳ್ಳಿ.

ಪಿಒಇಯಲ್ಲಿ ಮೂರು ಹಂತ ಇವೆ. 2003ರ 802.3ಎಎಫ್ ಪ್ರಕಾರ ಪ್ರತಿ ಪೋರ್ಟಿಗೆ 15.4 ವ್ಯಾಟ್, 2009ರ 802.3ಎಟಿಯಲ್ಲಿ 30 ವ್ಯಾಟ್, 2018ರ 802.3ಬಿಟಿಯಲ್ಲಿ 60 ಅಥವಾ 90 ವ್ಯಾಟ್. ಕೊಳ್ಳುವಾಗ ಪೋರ್ಟಿನ ವ್ಯಾಟ್ ಜೊತೆಗೆ ಇಡೀ ಸ್ವಿಚ್ಚಿನ ಒಟ್ಟು ವ್ಯಾಟ್ ನೋಡಿ. 12 ಫೋನಿಗೆ ತಲಾ 6, 8 ಕ್ಯಾಮೆರಾಗೆ ತಲಾ 10, 3 ಆಕ್ಸೆಸ್ ಪಾಯಿಂಟಿಗೆ ತಲಾ 20 ಅಂತ ಹಿಡಿದರೆ 212 ವ್ಯಾಟ್ ಆಯಿತು. ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡರೆ 265. ಹಾಗಾಗಿ 370 ವ್ಯಾಟಿನ 24 ಪೋರ್ಟ್ ಸ್ವಿಚ್ ಸರಿಹೋಗುತ್ತದೆ. ಯುಪಿಎಸ್ ಕೊಳ್ಳುವಾಗಲೂ ಇದೇ ಲೆಕ್ಕ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಮಾನದಂಡದ ಪಿಒಇ, ಆ ಕಡೆ ಇರುವ ಯಂತ್ರಕ್ಕೆ ಪಿಒಇ ಬೇಕೋ ಬೇಡವೋ ಅಂತ ಮೊದಲು ಪರೀಕ್ಷಿಸಿ ಆಮೇಲೆ ಕರೆಂಟು ಬಿಡುತ್ತದೆ. ಕೆಲವು ವೈರ್‌ಲೆಸ್ ಯಂತ್ರಗಳ ಜೊತೆ ಬರುವ 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ಹಾಗೆ ಕೇಳುವುದಿಲ್ಲ, ಸುಮ್ನೆ ಕರೆಂಟು ಸುರಿಯುತ್ತದೆ. ಅದನ್ನು ಗೊತ್ತಿಲ್ಲದೆ ಲ್ಯಾಪ್‌ಟಾಪಿಗೋ ಪ್ರಿಂಟರಿಗೋ ಚುಚ್ಚಿದರೆ ಪೋರ್ಟ್ ಸುಟ್ಟುಹೋಗಬಹುದು. ಅಂಥ ಇಂಜೆಕ್ಟರ್ ಇದ್ದರೆ ಅದರ ಮೇಲೆ ಕೆಂಪು ಚೀಟಿ ಅಂಟಿಸಿ.

ಅನ್‌ಮ್ಯಾನೇಜ್ಡ್, ಸ್ಮಾರ್ಟ್, ಮ್ಯಾನೇಜ್ಡ್

ಆರೇಳು ಕಂಪ್ಯೂಟರ್, ಒಂದು ಪ್ರಿಂಟರ್ ಇರುವ ಅಂಗಡಿಗೆ ಅನ್‌ಮ್ಯಾನೇಜ್ಡ್, ಅಂದರೆ ಯಾವ ಸೆಟ್ಟಿಂಗೂ ಇಲ್ಲದ ಸ್ವಿಚ್ ಸಾಕು. ಆದರೆ ಯಾರಾದರೂ ಒಂದು ಕೇಬಲ್‌ನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಇಡೀ ಆಫೀಸ್ ನಿಂತುಹೋಗುತ್ತದೆ. ಸಂದೇಶಗಳು ಸುತ್ತುತ್ತಲೇ ಇರುತ್ತವೆ, ತಡೆಯುವವರಿಲ್ಲ. ಕೆಲವು ಸೆಟ್ಟಿಂಗ್ ಮಾತ್ರ ಇರುವುದು ಸ್ಮಾರ್ಟ್ ಸ್ವಿಚ್. ಹೆಚ್ಚಿನ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಲೂಪ್ ತಡೆಯುವ ಸೌಲಭ್ಯ, ವಿಲ್ಯಾನ್ (ಒಂದೇ ಲ್ಯಾನನ್ನು ಬೇರೆ ಬೇರೆ ಭಾಗ ಮಾಡುವ ಸೌಲಭ್ಯ) ಎರಡೂ ಬರುತ್ತವೆ. ಕ್ಯಾಮೆರಾ ಇರುವ, ಅತಿಥಿಗಳಿಗೆ ವೈಫೈ ಕೊಡುವ ಆಫೀಸಿಗೆ ಇದಕ್ಕಿಂತ ಕಡಿಮೆಯದು ಬೇಡ. ಅಕೌಂಟ್ಸ್ ಕಂಪ್ಯೂಟರು, ಕ್ಯಾಮೆರಾ, ಅತಿಥಿಗಳು ಮೂರೂ ಬೇರೆ ಬೇರೆ ವಿಲ್ಯಾನ್‌ನಲ್ಲಿರಲಿ. ಕ್ಯಾಮೆರಾದಲ್ಲಿ ಹೊಕ್ಕವರು ಲೆಕ್ಕಪತ್ರದವರೆಗೆ ಬರಬಾರದು.

ಪೂರ್ತಿ ಮ್ಯಾನೇಜ್ಡ್ ಸ್ವಿಚ್ ಬೇಕಾಗುವುದು ಹಲವು ಸ್ವಿಚ್ ಇರುವ ಕಡೆ ಮತ್ತು ಲಾಗ್ (ಯಾವಾಗ ಏನಾಯಿತು ಅನ್ನುವ ದಾಖಲೆ) ಇಡಬೇಕಾದ ಕಡೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನ ಕಂಪನಿಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, ಯಂತ್ರಗಳ ಗಡಿಯಾರ ಸರಿಹೊಂದಿರಬೇಕು. ಲಾಗ್ ಹೊರಗೆ ಕಳಿಸದ ಸ್ವಿಚ್ಚಿನಿಂದ ಇದು ಆಗದು.

ಇಲ್ಲಿ ಊರಿನ ಹವೆಯನ್ನೂ ನೋಡಬೇಕು. ಆಫೀಸ್ ದರ್ಜೆಯ ಸ್ವಿಚ್ಚುಗಳ ಮಿತಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ. ಸಂಜೆ ಎಸಿ ಆಫ್ ಮಾಡಿ ಬಾಗಿಲು ಹಾಕಿದ ಮೇಲೆ ಮುಚ್ಚಿದ ರ‍್ಯಾಕಿನೊಳಗೆ ಎಷ್ಟಾಗಬಹುದು, ಯೋಚಿಸಿ. ಅಲ್ಲಿ 50 ಡಿಗ್ರಿಯ ಸ್ವಿಚ್, ಮೇಲೆ ಫ್ಯಾನ್ ಇರುವ ರ‍್ಯಾಕ್ ತೆಗೆದುಕೊಳ್ಳಿ. ಮಂಗಳೂರು, ಕಾರವಾರದ ಕಡೆ ಶತ್ರು ಬೇರೆ: ತೇವ ಮತ್ತು ಉಪ್ಪು ಗಾಳಿ. ಅಲ್ಲಿ ಪಿನ್ನಿಗೆ 50 ಮೈಕ್ರೋಇಂಚ್ ಬಂಗಾರದ ಲೇಪ ಇರುವ ಜ್ಯಾಕ್ ಹಾಕಿಸಿ, ರ‍್ಯಾಕನ್ನು ಹೊರಗೋಡೆಗೆ ಅಂಟಿಸಬೇಡಿ.

ರ‍್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಎತ್ತರದ ಅಳತೆ ಯು. ಒಂದು ಯು ಅಂದರೆ 44.45 ಮಿಲಿಮೀಟರ್. ಈಗ ಬೇಕಾದದ್ದರ ಎರಡರಷ್ಟು ಯು ಇರುವುದನ್ನು ಕೊಳ್ಳಿ. ಯುಪಿಎಸ್ ಬ್ಯಾಟರಿಯನ್ನು ಗೋಡೆಯ ರ‍್ಯಾಕಿನೊಳಗೆ ಇಡಬೇಡಿ, ಆ ತೂಕಕ್ಕೆ ಬೋಲ್ಟ್ ಕಿತ್ತುಬರುತ್ತದೆ.

ಆನ್ ಮಾಡಿದ ದಿನ

ಸ್ವಿಚ್ಚನ್ನು ಇಂಟರ್ನೆಟ್ ಲೈನಿಗೆ ಸೇರಿಸುವ ಮೊದಲೇ ಒಂದು ಲ್ಯಾಪ್‌ಟಾಪಿನಿಂದ ನೇರವಾಗಿ ಸೆಟಪ್ ಮಾಡಿ. ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲು ಬದಲಾಯಿಸಿ. ಫರ್ಮ್‌ವೇರ್ (ಸ್ವಿಚ್ಚಿನೊಳಗಿನ ತಂತ್ರಾಂಶ) ಹೊಸದು ಹಾಕಿ. ಸ್ವಿಚ್ಚಿಗೆ ಲಾಗಿನ್ ಆಗಲು ಗುಟ್ಟು ಕಾಯದ ಟೆಲ್ನೆಟ್ ನಿಲ್ಲಿಸಿ, ಗುಟ್ಟು ಕಾಯುವ ಎಸ್‌ಎಸ್‌ಎಚ್ ಇಡಿ. ಗಡಿಯಾರವನ್ನು ಎನ್‌ಟಿಪಿಗೆ (ನೆಟ್‌ನಿಂದ ಸರಿ ಸಮಯ ತರುವ ವ್ಯವಸ್ಥೆ) ಸೇರಿಸಿ. ಬಳಸದ ಪೋರ್ಟ್‌ಗಳನ್ನು ಮುಚ್ಚಿ. ಡಿಎಚ್‌ಸಿಪಿ ಸ್ನೂಪಿಂಗ್ ಇದ್ದರೆ ಹಾಕಿ. ಯಾರಾದರೂ ಮನೆಯ ರೂಟರ್ ತಂದು ಸಿಕ್ಕಿಸಿದರೆ ಅದು ಎಲ್ಲರಿಗೂ ತಪ್ಪು ಐಪಿ (ಜಾಲದಲ್ಲಿ ಯಂತ್ರದ ವಿಳಾಸ) ಹಂಚುವುದನ್ನು ಇದು ತಡೆಯುತ್ತದೆ.

ಐಪಿ ಸಾಲನ್ನು 192.168.1 ಅಥವಾ 192.168.0 ಇಡಬೇಡಿ. ಮನೆಯ ರೂಟರುಗಳೆಲ್ಲ ಹೆಚ್ಚಾಗಿ ಅವೇ. ಮನೆಯಿಂದ ವಿಪಿಎನ್ ಮೂಲಕ ಆಫೀಸಿಗೆ ಬರುವವರಿಗೆ ಎರಡೂ ಕಡೆ ಒಂದೇ ವಿಳಾಸ ಆಗಿ ಪ್ರಿಂಟರೂ ಸಿಗುವುದಿಲ್ಲ, ಸರ್ವರೂ ಸಿಗುವುದಿಲ್ಲ. 10.37.20 ಅಂಥದ್ದೇನಾದರೂ ಆರಿಸಿ.

ಗುತ್ತಿಗೆದಾರರು ಹೋಗುವ ಮೊದಲು ಅವರಿಂದ ನಾಲ್ಕು ವಸ್ತು ಕೈಗೆ ಪಡೆಯಿರಿ. ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಇರುವ ನಕ್ಷೆ, ಲೈನುಗಳ ಟೆಸ್ಟ್ ವರದಿ, ಅರ್ಥಿಂಗ್ ವರದಿ, ಸ್ವಿಚ್ಚಿನ ಸೆಟ್ಟಿಂಗ್ ಬ್ಯಾಕಪ್. ಆಮೇಲೆ ಅವರಿಗೆ ಗೊತ್ತಿರುವ ಪಾಸ್‌ವರ್ಡನ್ನು ನೀವು ಬದಲಾಯಿಸಿ, ಹೊಸದನ್ನು ಲಕೋಟೆಯಲ್ಲಿ ಹಾಕಿ ಆಫೀಸಿನ ಬೀರುವಿನಲ್ಲಿ ಇಡಿ.